ಜೇನುಪೆಟ್ಟಿಗೆಯಿಂದ ಬಂದ ಅಂಕಿ

ಚಳಿ ಅಂದರೆ ಕೆನಡಾದ ನಮ್ಮ ಮ್ಯಾನಿಟೋಬಾದ್ದು. ಲೋಕದ ಮಿಕ್ಕ ಚಳಿಯೆಲ್ಲ ಬರೀ ತಂಗಾಳಿ. ಆ ಜನವರಿಯಲ್ಲಂತೂ ಸೂರ್ಯನೇ ಎರಡೆರಡು ಕಾಲುಚೀಲ ಹಾಕಿಕೊಂಡು ಹುಟ್ಟುತ್ತಿದ್ದ. ಇಸ್‌ಬ್ರಾಂಡ್ ಕ್ಲಾಸೆನ್‌ಗೆ ಮಾತ್ರ ಅದೂ ತಟ್ಟಲಿಲ್ಲ. ನವೆಂಬರಿನಲ್ಲಿ ಹೆಂಡತಿ ಟ್ರೂಡಿ ತೀರಿಕೊಂಡ ಮೇಲೆ ಸೂಪಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ.

ಹಿತ್ತಲಲ್ಲಿ ಅವಳದೊಂದು ಜೇನುಪೆಟ್ಟಿಗೆ ಉಳಿದಿತ್ತು. ಹುಳುಗಳು ಬದುಕಿವೆಯೇ? ತಿಳಿಯಬೇಕಾದ್ದು ಅದೊಂದೇ. ಆ ಚಳಿಯಲ್ಲಿ ಮುಚ್ಚಳ ತೆಗೆದರೆ ಬದುಕಿದ್ದವೂ ಸಾಯುತ್ತವೆ. ಕಿವಿಯಿಟ್ಟು ಕೇಳೋಣವೆಂದರೆ, ಧಾನ್ಯದ ಉಗ್ರಾಣದ ಯಂತ್ರಗಳ ನಡುವೆ ನಲವತ್ತು ವರ್ಷ ಸವೆದ ಕಿವಿ. ಪಕ್ಕದ ಮನೆಯ ಡಾರ್ಲೀನ್ ಕಿರುಚಿದರಷ್ಟೇ ಕೇಳುವುದು. ಅವಳು ಕಿರುಚಿದರೆ ಗಡಿಯಾಚೆಯ ಅಮೆರಿಕದವರೂ ತಿರುಗಿ ನೋಡುತ್ತಾರೆನ್ನಿ.

ಒಳಗಿನ ಬಿಸಿಯನ್ನು ಅಳೆದು ತಂತಿಯಿಲ್ಲದೆ ಕಳಿಸುವ ಪುಟ್ಟ ಯಂತ್ರವನ್ನು ಟ್ರೂಡಿಯೇ ಅಕ್ಟೋಬರಿನಲ್ಲಿ ಪೆಟ್ಟಿಗೆಯೊಳಗೆ ಇಟ್ಟಿದ್ದಳು. ಹುಳುಗಳಿದ್ದರೆ ಇಪ್ಪತ್ತು ಡಿಗ್ರಿಯ ಮೇಲೆ, ಇಲ್ಲವಾದರೆ ಹೊರಗಿನಷ್ಟೇ. ಅದು ಕಳಿಸಿದ್ದನ್ನು ಹಿಡಿದು ಪರದೆಯ ಮೇಲೆ ತೋರಿಸುವ ಜೋಡಿ ಯಂತ್ರವನ್ನು ಇಸ್‌ಬ್ರಾಂಡ್ ಅಡುಗೆಮನೆಯ ಮೇಜಿನ ಮೇಲೆ ತಾನೇ ಕಟ್ಟಿದ. ಅದರ ರೇಡಿಯೊ ಬಿಲ್ಲೆಯ ಎಂಟು ಕಾಲುಗಳಿಗೆ ಎಂಟು ತಂತಿಗಳನ್ನು ಎಂಟು ಸಾವಿರ ಸಲ ಕಿತ್ತು ಬೆಸೆದ. ಮೂರು ವಾರವಾದರೂ ಪರದೆಯ ಮೇಲೆ ಬರೀ ಗೆರೆ.

ಆ ಮಧ್ಯಾಹ್ನ ಬಂದ ಡಾರ್ಲೀನ್ ರೇಡಿಯೊ ಬಿಲ್ಲೆಗೆ ಬೆರಳಿಟ್ಟವಳೇ ಹೌಹಾರಿದಳು.

"ಅಯ್ಯೋ ಮುದುಕಾ, ಇದ್ರ ಮೇಲೆ ಮೊಟ್ಟೆ ಹುರೀಬೋದು! ಮುಟ್ಟಿ ನೋಡ್ಲಿಲ್ವಾ?"

"ಮುಟ್ಟಿದ್ದೆ. ಗೊತ್ತಾಗ್ಲಿಲ್ಲ."

"ನಕ್ಷೇಲಿ ಕಾಲುಗಳನ್ನ ಯಾವ ಕಡೆಯಿಂದ ತೋರ್ಸಿದಾರೆ?"

"ಮೇಲಿಂದ."

"ನೀನು ಬೆಸುಗೆ ಹಾಕಿದ್ದು?"

"ಮಗುಚಿಟ್ಕೊಂಡು. ಕೆಳಗಿಂದ."

"ಶಭಾಷ್! ಎಡದ್ದೆಲ್ಲಾ ಬಲಕ್ಕೆ, ಬಲದ್ದೆಲ್ಲಾ ಎಡಕ್ಕೆ. ಪ್ಲಸ್ಸೂ ಮೈನಸ್ಸೂ ಅದಲು ಬದಲು. ಇದು ಬೆಂದೇ ಹೋಗಿದೆ ಕಣೋ."

"ಟ್ರೂಡಿ ಹತ್ತು ಬಿಲ್ಲೆಗಳ ಪೊಟ್ಟಣ ತರ್ಸಿದ್ಲು. ಇನ್ನೂ ಏಳಿವೆ."

ಡಾರ್ಲೀನ್ ಹೊಸ ಬಿಲ್ಲೆ ತೆಗೆದು ತಂತಿಗಳನ್ನು ಒಂದೊಂದಾಗಿ ಸರಿಪಡಿಸಿದಳು. ಬೆಸುಗೆಯ ಹೊಗೆ ಅವಳ ಕನ್ನಡಕವನ್ನು ಮುಸುಕಿತು.

"ಇಷ್ಟೆಲ್ಲಾ ಯಾಕೆ ಒದ್ದಾಡ್ದೆ? ಒಂದು ಮಾತು ಹೇಳಿದ್ರೆ ನಾನೇ ಹೋಗಿ ಪೆಟ್ಟಿಗೆಗೆ ಕಿವಿ ಇಟ್ಟು ಬರ್ತಿದ್ದೆ."

"ಗೊತ್ತಿತ್ತು."

"ಮತ್ತೆ?"

"ತಂತಿ ತಪ್ಪಿರೋ ತನಕ ಹುಳು ಸತ್ತಿವೆ ಅಂತ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅವಳು ಕೊನೆಯ ತಂತಿಗೆ ಬೆಸುಗೆ ಮುಟ್ಟಿಸಿದಳು.

ವಿದ್ಯುತ್ ಕೊಟ್ಟ ಕೂಡಲೇ ಗೆರೆ ಅಳಿಸಿ ಅಂಕಿ ಮೂಡಿತು. ಸೊನ್ನೆಗಿಂತ ಇಪ್ಪತ್ತಾರು ಕೆಳಗೆ. ಕಿಟಕಿಯಾಚೆಯ ಉಷ್ಣಮಾಪಕವೂ ಅದನ್ನೇ ತೋರಿಸುತ್ತಿತ್ತು. ಹುಟ್ಟಿದಾಗಿನಿಂದ ದನಿ ತಗ್ಗಿಸಿಯೇ ಗೊತ್ತಿಲ್ಲದ ಡಾರ್ಲೀನ್ ಏನೋ ಪಿಸುಗುಟ್ಟಿದಳು. ಇಸ್‌ಬ್ರಾಂಡ್‌ಗೆ ತುಟಿ ಅಲುಗಿದ್ದಷ್ಟೇ ಕಂಡಿತು.

ನಿಮಿಷ ಕಳೆದು ಮತ್ತೊಂದು ಅಂಕಿ ಬಂತು. ಅದೇ ಇಪ್ಪತ್ತಾರು.

"ಸರಿಯಾಗಿ ಕೆಲಸ ಮಾಡ್ತಿದೆ," ಎಂದ. ಆಮೇಲೆ ಎದ್ದು ಒಲೆಯ ಕಡೆ ತಿರುಗಿದ. "ಕಾಫಿಗೆ ಹಾಲು ಹಾಕ್ಲಾ?"