ಹನ್ನೊಂದು ನಿಮಿಷ ಓದಿದವರು

ಹೊಲಿಗೆಯವರ ಮಾತನ್ನು ಹೊಲಿಗೆಯವರೇ ಬರೆಯಬೇಕು ಎಂದು ನಾವು ಬಟ್ಟೆ ಕಾರ್ಖಾನೆಗಳ ಊರು ಟಾಂಗರಾಂಗಿನಲ್ಲಿ ಒಂದು ಜಾಲತಾಣ ಕಟ್ಟಿದೆವು. ಭಾನುವಾರದ ಓದುಬಳಗದಲ್ಲಿ, ಚಾಪೆಯ ಮೇಲೆ ಕೂತು ತೆಂಪೆ ಎಂಬ ಸೋಯಾ ಬಿಲ್ಲೆ ಕರಿದು ತಿನ್ನುತ್ತ ಹುಟ್ಟಿದ್ದು ಅದು. ನಡೆಸುತ್ತಿದ್ದವನು ಹೆರ್ಲಾಂಬಾಂಗ್, ಕಾಲೇಜು ಓದಿದವನು, ಕಾರ್ಮಿಕರ ಮೆರವಣಿಗೆಯಲ್ಲಿ ಲಾಠಿ ಏಟು ತಿಂದವನು. ಅವನು ಹಾಕಿದ ಗೆರೆಯನ್ನು ನಾನು ದಾಟುತ್ತಿರಲಿಲ್ಲ.

ತಾಣಕ್ಕೆ ಯಾರು ಬಂದರು, ಎಷ್ಟು ಹೊತ್ತು ನಿಂತರು, ಮತ್ತೆ ಬಂದರೇ ಎಂದು ಅಂಕಿ ನೋಡುವುದನ್ನು ಕಲಿಸಿದವನೂ ಅವನೇ. ಬಂದವರ ಎಣಿಕೆ ನಂಬಬೇಡ, ನಿಂತವರ ಹೊತ್ತು ನೋಡು ಎನ್ನುತ್ತಿದ್ದ. ಹೆಚ್ಚಿನವರು ನಲವತ್ತು ಸೆಕೆಂಡಿಗೆ ಎದ್ದು ಹೋಗುತ್ತಿದ್ದರು. ನನ್ನದೇ ಕಾರ್ಖಾನೆಯ ಸುಮಿರಾ ಅಕ್ಕನ ಮಾತು ಬರೆದ ಪುಟದಲ್ಲಿ ಮಾತ್ರ ಕೆಲವರು ಹನ್ನೊಂದು ನಿಮಿಷ ನಿಂತರು, ಮರುದಿನವೂ ಬಂದರು. ಶೌಚಕ್ಕೆ ಹೋದ ನಿಮಿಷಗಳನ್ನೂ ಎಣಿಸುವ ಸೂಪರ್‌ವೈಸರ್ ಬಗ್ಗೆ ಹೇಳಿದ್ದಳು ಅವಳು. ಓದುಗರು ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಅವಳ ಹೆಸರು, ಹೊಲಿಗೆ ಸಾಲಿನ ನಂಬರು ಇದ್ದ ಕಡೆ.

“ನೋಡು ಲಾಸ್ಮಿ, ಹೆಸರಿಲ್ಲದ ನೋವು ಯಾರಿಗೆ ಬೇಕು?” ಎಂದ ಹೆರ್ಲಾಂಬಾಂಗ್. “ಇನ್ನಷ್ಟು ಹೆಸರು ಹಾಕು. ಫೋಟೋನೂ ಇರ್ಲಿ.”

ನಂಬಿದೆ. ನಮ್ಮ ಕಾರ್ಖಾನೆಯ ಇನ್ನೂ ಎಂಟು ಹೆಂಗಸರ ಮಾತು ಬರೆದು ಹಾಕಿದೆ. ಸುಮಿರಾ ಅಕ್ಕ ಫೋಟೋಗೆ ಒಪ್ಪಲಿಲ್ಲ; ಕೆಲಸದ ಕರಾರು ಜೂನ್‌ಗೆ ಮುಗಿಯುತ್ತದೆ, ಮನೆಯಲ್ಲಿ ದುಡಿಯುವವಳು ತಾನೊಬ್ಬಳೇ ಎಂದಳು. ಮೂರು ಸಲ ಅವಳ ಬಾಗಿಲಿಗೆ ಹೋಗಿ ಒಪ್ಪಿಸಿದವಳು ನಾನು.

ಜೂನಿನಲ್ಲಿ ಒಂಬತ್ತೂ ಜನರನ್ನು ಕೆಲಸದಿಂದ ಕಳಿಸಿದರು. ಸಿಬ್ಬಂದಿ ಕಚೇರಿಯ ಮೇಜಿನ ಮೇಲೆ ಅಚ್ಚು ಹಾಕಿದ ನಮ್ಮ ತಾಣದ ಪುಟಗಳಿದ್ದವಂತೆ, ಹೆಸರುಗಳ ಕೆಳಗೆ ಕೆಂಪು ಗೆರೆ. ನನ್ನ ಕರಾರು ಮುಂದುವರಿಯಿತು. ಬರೆದವಳ ಹೆಸರು ಎಲ್ಲೂ ಇರಲಿಲ್ಲವಲ್ಲ.

ಅಂಕಿಗಳನ್ನು ಮತ್ತೆ ತೆರೆದೆ. ಈ ಸಲ ಗಂಟೆ ನೋಡಿದೆ. ಹನ್ನೊಂದು ನಿಮಿಷದವರು ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ, ಊಟದ ಹೊತ್ತಿನಲ್ಲಿ ಯಾರೂ ಇಲ್ಲ, ಸಂಜೆ ಐದಕ್ಕೆ ಮಾಯ. ಭಾನುವಾರ ಒಬ್ಬರೂ ಇಲ್ಲ. ಆ ಹೊತ್ತಿಗೆಲ್ಲ ನಮ್ಮ ಫೋನುಗಳು ಕಾರ್ಖಾನೆ ಗೇಟಿನ ಕಪಾಟಿನಲ್ಲಿ, ಬೀಗದೊಳಗೆ. ಓದಿದವರು ಹೊಲಿಯುವವರಲ್ಲ. ಎಲ್ಲಿಂದ ಬಂದರೆಂಬ ಪಟ್ಟಿ ಬಿಚ್ಚಿದರೆ, ನಮ್ಮ ಕಾರ್ಖಾನೆ ಕಚೇರಿಯದೇ ಹೆಸರು.

ಪಟ್ಟಿ ಹಿಡಿದು ಹೋದಾಗ ಹೆರ್ಲಾಂಬಾಂಗ್ ಕಾಫಿ ಕಲಕುತ್ತಿದ್ದ. ಓದುತ್ತಿದ್ದವರು ಕಾರ್ಖಾನೆಯ ಕಚೇರಿಯವರೆಂದು ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ.

“ಮಾರ್ಚ್‌ನಲ್ಲಿ,” ಎಂದ. ತಾಣಕ್ಕೆ ಅನುದಾನ ಕೊಡುವ ಸಂಸ್ಥೆಗೆ ಓದಿನ ಹೊತ್ತು ತೋರಿಸಬೇಕಿತ್ತಂತೆ. “ಅದು ಇಳಿದ್ರೆ ತಾಣಾನೇ ಮುಚ್ಚಬೇಕಿತ್ತು. ಆಮೇಲೆ ನಿಮ್ಮ ಪರ ಮಾತಾಡೋರು ಯಾರು?”

“ಫೋಟೋ ಹಾಕು ಅಂದಿದ್ದು ಏಪ್ರಿಲ್‌ನಲ್ಲಿ, ಅಣ್ಣ.”

ಮಾಲೀಕನ ಏಟು ಎದುರಿನಿಂದ ಬರುತ್ತದೆ, ಹಲ್ಲು ಕಚ್ಚಿಯಾದರೂ ತಡೆದುಕೊಳ್ಳಬಹುದು. ಇದು ಒಂದೇ ಚಾಪೆಯಲ್ಲಿ ಕೂತು ಉಂಡವನದು.

ಭಾನುವಾರ ಬಳಗದ ಮುಂದೆ ಎಲ್ಲ ಹೇಳಿದೆ, ನನ್ನ ಪಾಲನ್ನೂ ಬಿಡದೆ. ಸೂಪರ್‌ವೈಸರ್ ಒಂದು ಕಡೆ ನಿಮಿಷ ಎಣಿಸಿದ, ನೀವು ಇನ್ನೊಂದು ಕಡೆ ಎಣಿಸಿದಿರಿ ಎಂದು ಯಾರೋ ಚುಚ್ಚಿದರು. ಹೆಸರು, ಫೋಟೋಗಳನ್ನೆಲ್ಲ ತೆಗೆದಿದ್ದೇನೆ ಎಂದೆ.

ಸುಮಿರಾ ಅಕ್ಕ ಬಾಗಿಲ ಬಳಿ ಕೂತಿದ್ದಳು, ನನ್ನಿಂದ ದೂರ.

“ನಿನ್ನೆ ಪಕ್ಕದ ಫ್ಯಾಕ್ಟ್ರಿಗೆ ಕೆಲಸ ಕೇಳ್ಕೊಂಡು ಹೋಗಿದ್ದೆ,” ಎಂದಳು. “ಅವರ ಮೇಜಿನ ಮೇಲೂ ಇತ್ತು ಕಣೆ, ನೀನು ಬರೆದ ಪುಟ, ನನ್ನ ಫೋಟೋ ಸಮೇತ.”

ಎದ್ದು, ಚಪ್ಪಲಿ ಮೆಟ್ಟಿಕೊಂಡಳು.