ವರ್ನಾ ಕೇಳಿದ ಒಂದು ವರ್ಷ

ಬೀಳ್ಕೊಡುಗೆಯ ಕೇಕಿನ ಮೇಲೆ ತನ್ನ ಹೆಸರು ಕಂಡು ವರ್ನಾ ಸ್ಟಿಲ್ಟ್ನರ್‌ಗೆ ಖುಷಿಯಾಗಬೇಕಿತ್ತು. ವೆಸ್ಟ್ ವರ್ಜೀನಿಯಾದ ಆ ಬೆಟ್ಟದೂರಿನ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ದುಡಿದ ಹೆಡ್ ನರ್ಸ್ ಆಕೆ. ಇನ್ನು ಹತ್ತು ದಿನಕ್ಕೆ ನಿವೃತ್ತಿ. ಅವಳ ಎಡ ಮೊಣಕಾಲಂತೂ ಎಂದೋ ನಿವೃತ್ತಿ ತೆಗೆದುಕೊಂಡಿತ್ತು. ಆದರೂ ಅವಳ ಕಣ್ಣು ಕೇಕಿನ ಮೇಲಿರಲಿಲ್ಲ. ಎದುರಿಗೆ ಮಾರ್ಸಿ ಬ್ಲೆವಿನ್ಸ್, ಅವಳ ಕೈಕೆಳಗೆ ಪಳಗಿದ ನರ್ಸ್, ನಗುನಗುತ್ತ ಎಲ್ಲರಿಗೂ ತಟ್ಟೆ ಹಂಚುತ್ತಿದ್ದಳು.

ಆಪರೇಶನ್ನಿಗೆ ಅರಿವಳಿಕೆ ಕೊಡುವ ನರ್ಸ್ ಆಗಲು ಮೂರು ವರ್ಷ ಓದಬೇಕು. ಮಾರ್ಸಿಗೆ ಹೋದ ವರ್ಷವೇ ಸೀಟು ಸಿಕ್ಕಿತ್ತು. ಆಗ ವಾರ್ಡಿನಲ್ಲಿ ಕೆಲಸಕ್ಕೆ ಜನ ಸಾಲುತ್ತಿರಲಿಲ್ಲ. ವರ್ನಾನೇ ಅವಳ ಕೈ ಹಿಡಿದು ಬೇಡಿಕೊಂಡಿದ್ದಳು: "ಒಂದೇ ಒಂದು ವರ್ಷ ನಿಲ್ಲು ಪುಟ್ಟಾ. ಕಾಲೇಜೇನು ಓಡಿಹೋಗುತ್ತಾ?"

ಕಾಲೇಜು ಓಡಿಹೋಗಲಿಲ್ಲ, ಸೀಟನ್ನೂ ಕಾದಿಟ್ಟಿತು. ಓಡಿಹೋದದ್ದು ಸಾಲ. ಇಂಥ ಓದಿಗೆ ಪೂರ್ತಿ ಖರ್ಚಿಗಾಗುವಷ್ಟು ಸಾಲ ಕೊಡುತ್ತಿದ್ದ ಸರ್ಕಾರ, ಈ ಜುಲೈ ಒಂದರಿಂದ ಹೊಸಬರಿಗೆ ವರ್ಷಕ್ಕೆ ಇಪ್ಪತ್ತು ಸಾವಿರದ ಐನೂರು ಡಾಲರ್ ಮಾತ್ರ ಎಂದುಬಿಟ್ಟಿತು. ಡಾಕ್ಟರಾಗುವವರಿಗೆ ಐವತ್ತು ಸಾವಿರ. ನರ್ಸುಗಳು ಆ ಪಟ್ಟಿಯಲ್ಲೇ ಇಲ್ಲ! ಮೊದಲೇ ಸೇರಿ ಸಾಲ ತೆಗೆದವರಿಗೆ ಸದ್ಯಕ್ಕೆ ಹಳೆಯ ನಿಯಮವೇ. ಹೋದ ವರ್ಷ ಹೋಗಿದ್ದರೆ ಮಾರ್ಸಿಯೂ ಅವರಲ್ಲೊಬ್ಬಳಾಗಿರುತ್ತಿದ್ದಳು.

ಉಳಿದ ಹಣ ಕೊಡಲು ಬ್ಯಾಂಕು ಜಾಮೀನು ಕೇಳಿತು. ಹೆತ್ತವರಿಲ್ಲದ ಹುಡುಗಿಗೆ ಜಾಮೀನು ಯಾರು? ವರ್ನಾ ತಾನೇ ಸಹಿ ಹಾಕಿದಳು. ಇವತ್ತು ಬೆಳಿಗ್ಗೆ ಉತ್ತರ ಬಂದಿತ್ತು: ಹತ್ತು ದಿನದಲ್ಲಿ ಸಂಬಳ ನಿಲ್ಲುವವರ ಜಾಮೀನು ನಡೆಯುವುದಿಲ್ಲ.

"ಬಿಡಿ ಮಿಸ್ ವರ್ನಾ," ಎಂದಳು ಮಾರ್ಸಿ, ತಟ್ಟೆ ಕೊಡುತ್ತ. "ಸೀಟು ಬೇಡ ಅಂತ ಇವತ್ತೇ ಬರೆದುಬಿಡ್ತೀನಿ. ಹೇಗೂ ನಿಮ್ಮ ಕುರ್ಚಿ ಮೇಲೆ ನನ್ನ ಕಣ್ಣಿತ್ತು."

"ನನ್ನ ಮೇಲೆ ಸಿಟ್ಟಿಲ್ವೇನೇ?"

"ಹಿಂಗಾಗುತ್ತೆ ಅಂತ ನೀವೇನು ಕನಸು ಕಂಡಿದ್ರಾ?"

ಅವಳು ನಾಲ್ಕು ಮಾತು ಬೈದಿದ್ದರೆ ವರ್ನಾ ಕೇಕು ತಿಂದು ಸುಮ್ಮನೆ ಮನೆಗೆ ಹೋಗುತ್ತಿದ್ದಳೇನೋ. ಬೈಯಲಿಲ್ಲವಲ್ಲ, ಅದನ್ನೇ ತಡೆಯಲಾಗಲಿಲ್ಲ. ತಟ್ಟೆ ಅಲ್ಲೇ ಬಿಟ್ಟು, ಕುಂಟುತ್ತ ಕಚೇರಿಗೆ ಹೋದಳು.

"ಫ್ಲಾಯ್ಡ್, ನನ್ನ ನಿವೃತ್ತಿ ಕಾಗದ ವಾಪಸ್ ಕೊಡು."

ಗುಮಾಸ್ತ ಫ್ಲಾಯ್ಡ್ ಬಾಯಲ್ಲಿ ಕೇಕಿತ್ತು. "ಅಯ್ಯೋ, ಕೇಕ್ ಕಟ್ ಮಾಡಿ ಆಯ್ತಲ್ಲ!"

"ತಿಂದವರು ಕಕ್ಕೋದೇನೂ ಬೇಡ. ಕಾಗದ ಕೊಡು."

ಕಾಗದ ತಂದು ಮಾರ್ಸಿಯ ಎದುರೇ ಹರಿದು ಕಸದ ಬುಟ್ಟಿಗೆ ಹಾಕಿದಳು. "ಬ್ಯಾಂಕಿನವರಿಗೆ ಫೋನ್ ಮಾಡು. ನನ್ನ ಸಂಬಳ ನಿಲ್ಲಲ್ಲ ಅಂತ ಹೇಳು."

"ಇನ್ನೂ ಒಂದು ವರ್ಷ ಮಾಡ್ತೀರಾ?"

"ಒಂದಲ್ಲ ಕಣೇ, ಮೂರು. ನಿನ್ನ ಓದು ಮುಗಿಯೋವರೆಗೂ."

"ಮತ್ತೆ ನಿಮ್ಮ ಮೊಣಕಾಲು? ನಿವೃತ್ತಿ ಆದ್ಮೇಲೆ ಅಂದಿದ್ದ ಆಪರೇಶನ್ ಯಾವಾಗ?"

"ಮೂರು ವರ್ಷ ಆದ್ಮೇಲೆ ಮಾಡಿಸ್ಕೋತೀನಿ. ಜ್ಞಾನ ತಪ್ಪಿಸೋಕೆ ನೀನಿರ್ತೀಯಲ್ಲ, ಎಬ್ಬಿಸೋಕೂ."

ಬೆಳಗಿನಿಂದ ನಗುತ್ತಲೇ ಇದ್ದ ಮಾರ್ಸಿ ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟು ಅತ್ತಳು.