ಹುಳುಮನೆಯ ಪಕ್ಕದ ಮಂಚ

ಸಹೃದಯರೇ, ಸಾಮ್ರಾಜ್ಯಗಳ ಗಡಿ ನಿಷ್ಕರ್ಷೆಗಿಂತಲೂ ಗಹನವಾದ ಪ್ರಶ್ನೆಯೊಂದು ತೊಂಬತ್ತನಾಲ್ಕರ ಕಾರ್ತಿಕದ ಬೆಳಗಿನಲ್ಲಿ ಮಾಂಬಳ್ಳಿಯ ಮೇಲೆ ಬಂದೆರಗಿತ್ತು: ಸದಾಶಿವಪ್ಪನ ಮನೆಯಲ್ಲಿ ಒಂದು ಮಂಚವನ್ನು ಎಲ್ಲಿ ಹಾಕಬೇಕು?

ಬಿಳಿಗಿರಿಯ ನೀಲಶ್ರೇಣಿಯಿಂದಿಳಿದ ಮಂಜು ಹಿಪ್ಪುನೇರಳೆಯ ಎಲೆಎಲೆಯ ಮೇಲೂ ಮುತ್ತಾಗಿ ನಿಂತಿತ್ತು. ಎಳೆಬಿಸಿಲು ಕರೆಯದೆ ಬಂದ ನೆಂಟನಂತೆ ಹೊಸಿಲಲ್ಲೇ ಅನುಮಾನಿಸುತ್ತಿತ್ತು. ಒಳಗೆ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು... ಆಹಾ! ದೂರದ ಸೋನೆಮಳೆಯೊಂದು ಆ ಮನೆಗೇ ಬಾಡಿಗೆಗೆ ಬಂದಂತೆ!

ಮದುವೆಯಾದಂದಿನಿಂದ ಆ ಮಳೆಯನ್ನು ಸಾಕಿದವಳು ಸದಾಶಿವಪ್ಪನ ಹೆಂಡತಿ ಚನ್ನಾಜಮ್ಮ. ಈಗ ಅವಳಿಗೆ ಸ್ತನದ ಕ್ಯಾನ್ಸರ್. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ, ಉಳಿದ ಔಷಧವನ್ನು ಮಾತ್ರೆಯಾಗಿ ಮನೆಯಲ್ಲೇ ನುಂಗಲು ಹೇಳಿ ಕಳಿಸಿದ್ದರು. ತನ್ನ ಮಂಚ ಎಂದಿನಂತೆ ಹುಳುಮನೆಯ ಪಕ್ಕದ ಕೋಣೆಯಲ್ಲೇ ಇರಬೇಕೆಂದು ಅವಳ ಹಟ. ಅತ್ತೆ ವೀರಮ್ಮನ ನ್ಯಾಯ ಬೇರೆ.

"ಲೋ ಸದಾಶಿವ, ಈ ಕಾಯ್ಲೆ ಹುಳಕ್ಕೆ ಅಂಟ್ಕಂಡ್ರೆ ಬೆಳೆ ಎಲ್ಲಾ ಓಯ್ತದೆ ಕಣ್ಲಾ. ಗೂಡು ಕಟ್ಟೋಗಂಟ ತವರಲ್ಲಿರ್ಲಿ. ಕುಂತೂರೇನು ದೂರ್ವಾ?"

"ಎದೆ ಕುಯ್ದವ್ರೆ ಅತ್ತೆಮ್ಮ, ನಾಲ್ಗೆ ಕುಯ್ದಿಲ್ಲ," ಎಂದಳು ಚನ್ನಾಜಮ್ಮ. "ನಾ ಎಲ್ಗೂ ಓಗಕಿಲ್ಲ."

ಜನರೆದುರು ಹೆಂಡತಿಯ ಕಡೆ ಕಣ್ಣೆತ್ತಿಯೂ ನೋಡದ ಮೌನಸಾಗರ ಸದಾಶಿವಪ್ಪ! ಅವನ ಅನುರಾಗ ಬೇರಿನಂತೆ ಮಣ್ಣೊಳಗೇ ಹರಿದಾಡುವಂಥದು... ಅಂದು ಅವನು ಬಾಯಿ ತೆರೆದ.

"ಇದು ಯಾರ್ಗೂ ಅಂಟಕಿಲ್ಲವಂತೆ ಅವ್ವ. ಹುಳಕ್ಕೆ ಅಂಟ್ತದಾ ಅಂತ್ಲೂ ಕೇಳ್ದೆ, ಡಾಕ್ಟ್ರು ನಕ್ರು. ಮಾತ್ರೆ ತಕಳೋವಾಗ ನಮ್ ನೆಗಡಿ, ಜ್ವರವೇ ಅವ್ಳಿಗೆ ಕಂಟಕವಂತೆ. ಬರೋರು ಕೈಕಾಲ್ ತೊಳೀಬೇಕು, ಗುಂಪು ಸೇರ್ಬಾರ್ದು. ನೀ ಹುಳಕ್ಕೆ ಮಾಡೋದ್ನೇ ಅವ್ಳಿಗೂ ಮಾಡು."

ಹೀಗೆಂದವನೇ ಜಗಲಿಗೆ ಹಾಕಿದ್ದ ಮಂಚವನ್ನು ತಲೆಯ ಮೇಲೆ ಹೊತ್ತು, ಹುಳುಮನೆಯ ಪಕ್ಕದ ಕೋಣೆಯತ್ತ ಗಿರಿಯನ್ನೆತ್ತಿದ ದೇವರ ಗಾಂಭೀರ್ಯದಿಂದ ನಡೆದ; ಮಂಚದ ಕಾಲು ಬಾಗಿಲಿಗೆ ಸಿಕ್ಕಿಕೊಂಡಿತು.

"ವಸಿ ಓರೆ ಮಾಡಿ," ಎಂದಳು ಅವಳು. ಆ ದಾಂಪತ್ಯದ ಪ್ರಣಯಸಲ್ಲಾಪ ಅಷ್ಟೇ!

ತೊಳೆಯದ ಕಾಲನ್ನು ಹುಳುಮನೆಯೊಳಗೆ ಎಂದೂ ಬಿಡದ ವೀರಮ್ಮನಿಗೆ ಮಗನ ಮಾತಿನಲ್ಲಿ ಹುಳುಕು ಸಿಗಲಿಲ್ಲ. ಬಕೆಟ್ಟು, ಸೋಪು ಹಿಡಿದು ಬಾಗಿಲಲ್ಲೇ ಕುಳಿತಳು. ಅಳಲೆಂದೇ ಸೆರಗು ಸಿದ್ಧಮಾಡಿಕೊಂಡು ಬಂದ ಬಳಗವೆಲ್ಲ ಮೊದಲು ಕೈ ತೊಳೆಯಬೇಕಾಯಿತು.

"ಹುಳ ನೋಡಾಕಲ್ಲ ಕಣಕ್ಕ, ನಿನ್ ಸೊಸೆ ನೋಡಾಕ್ ಬಂದೆ," ಎಂದಳು ನೆಂಟರಲ್ಲೊಬ್ಬಳು.

"ಅದ್ಕೇ ಎಲ್ಡು ಸಲ ತೊಳಿ. ಕೆಮ್ತಿದ್ದೀಯಾ? ವಾಸಿಯಾದ್ಮೇಲೆ ಬಾ, ಓಗು!"

ವಾಂತಿ ಬಂತು, ಅನ್ನ ಸೇರದ ದಿನಗಳು ಬಂದವು, ದಿಂಬಿನ ಮೇಲೆ ಕೂದಲು ಉದುರಿತು... ಗೋಡೆಯಾಚೆ ಮಾತ್ರ ಆ ಮಳೆ ನಿಲ್ಲಲಿಲ್ಲ.

"ಹುಳ ಮೇಯ್ತವಾ?" ಎಂದು ಕೇಳುವಳು ಗಂಡನನ್ನು.

"ಮೇಯ್ತವೆ."

"ಅಂಗಾರೆ ನಂಗೂ ಗಂಜಿ ಕೊಡಿ. ಅವ್ಕಿಂತ ಕಡ್ಮೆಯಾ ನಾನು?"

ಭಯ ಕಟ್ಟಿದ ಬಾಗಿಲನ್ನು ಒಲವು ಮುರಿಯಲೇಬೇಕೆಂದಿಲ್ಲ. ಬಾಗಿಲು ಅದೇ, ನೀರು ಅದೇ... ಹೊರಗಿರಬೇಕಾದವರು ಯಾರೆಂಬುದನ್ನಷ್ಟೇ ಒಲವು ತಿದ್ದುತ್ತದೆ!

ಆ ಸಲ ಹುಳುಗಳು ಚೆನ್ನಾಗಿ ಗೂಡು ಕಟ್ಟಿದವು. ಚನ್ನಾಜಮ್ಮ ಕುಂತೂರಿಗೆ ಹೋಗಲಿಲ್ಲ.